ಬೆಂಚಿನ ಹಲಗೆಯೊಳಗಿನ ತಾಳ

ಇಂಡಿಯಲ್ಲಿ ನಿಂಬೆಯ ವಾಸನೆಯನ್ನು ಯಾರೂ ಗಮನಿಸುವುದಿಲ್ಲ. ಸಂತೆಯ ದಿನ ಚೀಲ ಹರಿದು ಹಣ್ಣು ರಸ್ತೆಗೆ ಉರುಳುತ್ತವೆ, ಜನ ತುಳಿದುಕೊಂಡು ಹೋಗುತ್ತಾರೆ. ವರ್ಗವಾಗಿ ಬಂದ ನನ್ನ ಮೂಗು ಕೂಡ ಮೂರು ವರ್ಷದಲ್ಲಿ ಒಗ್ಗಿಹೋಗಿದೆ. ಆದರೆ ಹೋದ ವಾರ ಮೊಣಕಾಲು ನೋವಿಗೆಂದು ದವಾಖಾನೆಗೆ ಹೋದಾಗ, ಬಾಗಿಲಲ್ಲಿ ನಿಂತಿದ್ದ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ನನ್ನ ಅಂಗೈಗೆ ಸ್ಯಾನಿಟೈಜರ್ ಒತ್ತಿದಳು. ನಿಂಬೆ ವಾಸನೆಯದು. ಕೈ ಇನ್ನೂ ಆರಿರಲಿಲ್ಲ, ಗೊಳಸಂಗಿ ಕಡೆಯ ಆ ಶಾಲೆಯ ಒಂಬತ್ತನೆಯ ತರಗತಿ ಕಣ್ಣೆದುರು ನಿಂತಿತು. ಕರಿಹಲಗೆ, ಅದರ ಮೇಲೆ ಸುಣ್ಣದ ಬಳಪದ ಚೌಕಗಳು, ಕಿಟಕಿಯಾಚೆ ಎದೆಮಟ್ಟದ ಜೋಳ.

ಇಂಥ ನೆನಪನ್ನು ನಾನು ನಂಬುವವನಲ್ಲ. ಆ ಶಾಲೆಯ ಸ್ಯಾನಿಟೈಜರಿಗೆ ನಿಂಬೆಯ ವಾಸನೆ ಇತ್ತೇ? ನೀಲಿ ಕ್ಯಾನು ಇತ್ತು, ಅದಕ್ಕೆ ಹಗ್ಗ ಕಟ್ಟಿದ ಲೋಟ ಇತ್ತು, ಅಷ್ಟು ಖರೆ. ವಾಸನೆಯನ್ನು ಇಂಡಿ ಆಮೇಲೆ ಹಿಂಡಿರಬೇಕು.

"ಸರ, ನೀವು ಚೌಕದ ಸರ್ ಅಲ್ರಿ?" ಅಂದಳು ಆ ಹುಡುಗಿ. ಮುಖದ ಮೇಲೆ ಮಾಸ್ಕ್ ಇತ್ತು.

"ಹೌದು. ಹೆಂಗ ಗುರ್ತು ಹಿಡದಿ?"

"ಹುಬ್ಬು ನೋಡಿ ಹಿಡದೆ ಸರ. ನಾವು ನಿಮ್ಮ ಹುಬ್ಬು ಅಷ್ಟ ನೋಡೇವಲ್ರಿ. ನಾ ಶಬಾನಾ."

ಆಮೇಲೆ ಚಹಾ ಕುಡಿಯುತ್ತಾ ಅವಳು ಒಂದು ಮಾತು ಹೇಳಿದಳು. ನಾಲ್ಕು ವರ್ಷ ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ದೃಶ್ಯ ಆ ಮಾತಿನಿಂದ ತಪ್ಪೆಂದು ತಿಳಿಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ನಾನು ಇಟ್ಟುಕೊಂಡದ್ದನ್ನು ಇಟ್ಟುಕೊಂಡ ಹಾಗೆಯೇ ಹೇಳಬೇಕು.

ರೋಗ ಇಳಿದು ಶಾಲೆಗಳು ಮತ್ತೆ ತೆರೆದ ವರ್ಷ ಅದು. ಗೊಳಸಂಗಿಯಲ್ಲಿ ಬಸ್ಸಿಳಿದು ಟಂಟಂ ಆಟೊ ಹಿಡಿದರೆ ಸಿಗುವ ಹಳ್ಳಿಯೊಂದರ ಹೈಸ್ಕೂಲಿಗೆ ನಾನು ಸಂಗೀತ ಮಾಸ್ತರನಾಗಿ ಬಂದೆ. ಬಾಗೇವಾಡಿಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಆ ಬೇಸಿಗೆಯಲ್ಲಿ ಸಿಂದಗಿಯ ನಮ್ಮ ಮನೆಯಲ್ಲಿ ಅಣ್ಣ ತೀರಿಕೊಂಡಿದ್ದ. ಕಡೆಯ ಎಂಟು ದಿನ ಅವನ ಮುಖ ನೋಡಲು ಯಾರನ್ನೂ ಬಿಡಲಿಲ್ಲ. ಅದಕ್ಕೇ ಮಾಸ್ಕಿನ ವಿಷಯದಲ್ಲಿ ನಾನು ಆ ಶಾಲೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಊಟವನ್ನೂ ಒಬ್ಬನೇ, ಬೇವಿನ ಗಿಡದ ಹಿಂದೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಹುಡುಗರು ಯಾರೂ ನನ್ನ ಮೂಗಿನ ಕೆಳಗಿನದನ್ನು ಕಂಡಿರಲಿಲ್ಲ. ನಾನೂ ಅವರದನ್ನು ಕಂಡಿರಲಿಲ್ಲ. ಹಣೆ, ಕಣ್ಣು, ಎಣ್ಣೆ ಹಚ್ಚಿದ ಜಡೆ ಇವಿಷ್ಟರಿಂದಲೇ ಹೆಸರು ಕಲಿತೆ.

ಹೆಡ್‌ಮಾಸ್ತರರು ಕುಲಕರ್ಣಿ ಸರ್. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮೊದಲ ದಿನ ನನ್ನನ್ನು ಕರೆದು ಹೇಳಿದರು: "ನೋಡ್ರಿ, ಸುತ್ತೋಲೆ ಬಂದದ. ಗುಂಪಿನ್ಯಾಗ ಹಾಡಸಬಾರದು. ಸಂಗೀತ ಕಲಸ್ರಿ, ಆದ್ರ ದನಿ ತಗೀಬ್ಯಾಡ್ರಿ."

ಪೇಟಿಯನ್ನು, ನಮ್ಮ ಕಡೆ ಹಾರ್ಮೋನಿಯಮ್ಮನ್ನು ಹಾಗೇ ಕರೆಯುವುದು, ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ತಮ್ಮ ಕಿಸೆಗೆ ಹಾಕಿಕೊಂಡರು.

ಒಂಬತ್ತನೆಯ ತರಗತಿಯಲ್ಲಿ ಈ ಸುದ್ದಿ ಹೇಳಿದಾಗ ಎರಡನೆಯ ಬೆಂಚಿನಿಂದ ಒಂದು ದನಿ ಬಂತು. "ಬಾವಿ ದಂಡಿಗಿ ನಿಂದ್ರಿಸಿ ಈಜು ಕಲಸಿದಂಗಾತಲ್ರಿ ಸರ." ಅದು ಶಬಾನಾ. ಆ ತರಗತಿಯ ಬಾಯಿ ಅವಳೇ. ಅವಳ ಪಕ್ಕದಲ್ಲಿ, ಬೆಂಚಿನ ಇನ್ನೊಂದು ತುದಿಗೆ, ಅಷ್ಟೇ ಸುಮ್ಮನೆ ಕುಳಿತವಳು ಭಾಗ್ಯಶ್ರೀ. ಎಲ್ಲರೂ ನಕ್ಕ ಮೇಲೆ ಅವಳ ಕಣ್ಣು ನಕ್ಕಿತು, ಒಂದು ಗಳಿಗೆ ತಡವಾಗಿ. ಇದನ್ನು ನಾನು ಅಂದೇ ಕಂಡೆನೋ, ಎಲ್ಲ ತಿಳಿದ ಮೇಲೆ ಆ ಒಂದು ಗಳಿಗೆಯನ್ನು ನಡುವೆ ಸೇರಿಸಿದೆನೋ ಹೇಳಲಾರೆ.

ದನಿಯಿಲ್ಲದೆ ಸಂಗೀತದಲ್ಲಿ ಉಳಿಯುವುದು ಮಾತು. ಸರಿ, ಮಾತನ್ನೇ ಕಲಿಸೋಣ ಎಂದುಕೊಂಡು ಕರಿಹಲಗೆಯ ಮೇಲೆ ಚೌಕ ಎಳೆದೆ. ಪತ್ರಿಕೆಗಳಲ್ಲಿ ಬರುವ ಪದಬಂಧದ ಹಾಗೆ. ಒಂದು ಚೌಕಕ್ಕೆ ಒಂದು ಅಕ್ಷರ, ಒತ್ತಕ್ಷರವಿದ್ದರೂ ಒಂದೇ ಚೌಕ. ಅಡ್ಡ ಸಾಲಿನಲ್ಲಿ 'ತಂಬೂರಿ' ಬಂದರೆ ಅದರ ಕೊನೆಯ 'ರಿ'ಯಿಂದ 'ರಿಷಭ' ಕೆಳಕ್ಕಿಳಿಯುತ್ತದೆ. 'ವಿಲಂಬಿತ'ದ ಬಾಲ ಹಿಡಿದು 'ತಬಲಾ' ಇಳಿಯುತ್ತದೆ. ಆರೋಹಕ್ಕೂ ಅವರೋಹಕ್ಕೂ ನಡುವೆ ಒಂದೇ 'ರೋ'. ಸುಳಿವುಗಳನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಪಕ್ಕದಲ್ಲಿ ಬರೆಯುತ್ತಿದ್ದೆ. ಮಾಸ್ಕಿನೊಳಗಿನಿಂದ ಕೂಗಿದರೆ ಕಡೆಯ ಬೆಂಚಿಗೆ ಮುಟ್ಟುತ್ತಿರಲಿಲ್ಲ, ಕಾರಣ ಅಷ್ಟೇ.

ಮಕ್ಕಳಿಗೆ ಹುಚ್ಚು ಹಿಡಿಯಿತು. ಸಂಗೀತದ ಪಿರೇಡು ಚೌಕದ ಪಿರೇಡಾಯಿತು, ನಾನು ಚೌಕದ ಸರ್ ಆದೆ. 'ಷಡ್ಜ'ಕ್ಕೆ ಎರಡು ಚೌಕವೋ ಮೂರೋ ಎಂಬ ಜಗಳ ಊಟದ ಹೊತ್ತಿನಲ್ಲಿ ನಳದ ತನಕ ಹೋಯಿತು. ಸೀಗಿ ಹುಣ್ಣಿಮೆಯ ಹೊತ್ತಿಗೆ ಅವರಿಗೆ ನೂರರ ಹತ್ತಿರ ಪದ ಬರುತ್ತಿದ್ದವು. ಒಂದು ಸ್ವರವನ್ನೂ ಬಾಯಿಬಿಟ್ಟು ಅನ್ನದ ಮಕ್ಕಳು ಮೀಂಡ, ಮಂದ್ರ, ಮಧ್ಯಲಯ ಎಂದು ಬರೆಯುತ್ತಿದ್ದರು. ನನಗೆ ಸೊಕ್ಕು ಬಂತು. ಅಣ್ಣ ಹೋದ ಮೇಲೆ ನನ್ನ ಗಂಟಲಿನಿಂದಲೂ ಒಂದು ಸ್ವರ ಹೊರಟಿರಲಿಲ್ಲ. ಹಾಡದೇ ಸಂಗೀತ ನಡೆಯುತ್ತದೆ ಎಂಬುದು ನನಗೂ ಬೇಕಾಗಿತ್ತು.

ಎಲ್ಲರಿಗಿಂತ ಮುಂದೆ ಭಾಗ್ಯಶ್ರೀ. ನಾನು ಸುಳಿವು ಬರೆದು ತಿರುಗುವಷ್ಟರಲ್ಲಿ ಅವಳ ನೋಟ್‌ಬುಕ್ಕಿನಲ್ಲಿ ಉತ್ತರ. ಕುಲಕರ್ಣಿ ಸರ್ ಒಮ್ಮೆ ಅಂದರು: "ಆ ಹುಡುಗಿ ಏಳನೇತ್ತಾದಾಗ ಸಾಲಿಗೇ ಪಹಿಲಾ ಇದ್ಲಂತ. ಈ ವರ್ಷ ಗಣಿತ, ವಿಜ್ಞಾನ ಎಲ್ಲಾದ್ರಾಗೂ ಹಿಂದ ಬಿದ್ದಾಳ. ನಿಮ್ಮ ಪಿರೇಡಿನ್ಯಾಗ ಮಾತ್ರ ಹುಲಿ. ಏನ್ ಮಂತ್ರ ಹಾಕೀರಿ?"

ನಾನು ಹುಬ್ಬು ಹಾರಿಸಿದೆ. ಯಾಕೆ ಹಿಂದೆ ಬಿದ್ದಳು ಎಂದು ಕೇಳಲಿಲ್ಲ.

ಶನಿವಾರ ಮಕ್ಕಳೇ ಸುಳಿವು ಬರೆದು ತರಬೇಕು. ಹೆಚ್ಚಿನವರು ಪುಸ್ತಕದ ಸಾಲನ್ನೇ ಇಳಿಸುತ್ತಿದ್ದರು. ಭಾಗ್ಯಶ್ರೀಯ ಚೀಟಿ ಬೇರೆ. 'ಆರೋಹ'ಕ್ಕೆ ಅವಳ ಸುಳಿವು: 'ಸರ್ ಹುಬ್ಬು ಮ್ಯಾಲ ಹೋಗೂದು.' ತರಗತಿ ಕುಣಿಯಿತು. 'ಸಮ್' ಎಂಬುದಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, 'ಭಜನಿಯವರು ಎಲ್ಲಾರೂ ಒಮ್ಮೆಲೆ ತಲಿ ಹಾಕೂದು.' 'ತಂಬೂರಿ'ಗೆ, 'ಅದರ ಹೊಟ್ಟಿಗಿ ಕೆನ್ನಿ ಹಚ್ಚಿದ್ರ ಹಲ್ಲು ನಡಗತಾವು.' ಮತ್ತು 'ತಾಳ'ಕ್ಕೆ ಒಂದು, ಅದನ್ನು ನಾನು ಚೀಟಿಯ ಸಮೇತ ಡೈರಿಯಲ್ಲಿ ಅಂಟಿಸಿಕೊಂಡೆ: 'ಬೆಂಚಿನ ಹಲಗಿಯೊಳಗ ಓಡಾಡೂದು.'

"ಏನ್ ಕವಿತ್ವ ಐತಿ ಈಕಿ ಕೈಯಾಗ!" ಅಂದೆ. ಶಬಾನಾ ಬೆಂಚಿನ ಮೇಲೆ ಎರಡು ಬಾರಿ ಬೆರಳು ಬಡಿದಳು. ಭಾಗ್ಯಶ್ರೀ ಎದ್ದು ನಿಂತಳು.

ನಾಲ್ಕು ಸುಳಿವು. ಒಂದರಲ್ಲೂ ಕಿವಿ ಇಲ್ಲ. ನಡುಗುವುದು, ಏರುವುದು, ಓಡಾಡುವುದು, ತಲೆ ಹಾಕುವುದು. ಸಂಗೀತದ ಮಾಸ್ತರ ಅವನ್ನು ಓದಿ ಕವಿತ್ವ ಅಂದ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎರಡು ವಾರ ಮೊದಲಿರಬೇಕು. ಹೊಲದ ತುಂಬ ಕಡಲೆ ಬಂದಿತ್ತು, ಹುಡುಗರ ಕೈಯೆಲ್ಲ ಸುಲಗಾಯಿಯ, ಹಸಿ ಕಡಲೆಯ, ಹುಳಿ. ಶಬಾನಾ ಬಂದು ಕೇಳಿದಳು, "ಸರ, ಒಂದ ಸಲ ಮಾಸ್ಕ್ ತಗದು ಪಾಠ ಹೇಳ್ರಿ. ಭಾಗ್ಯಾ ಕೇಳಾಕತ್ತಾಳ."

"ಯಾಕ? ನನ್ನ ಮೀಸಿ ನೋಡಬೇಕಂತೇನು?"

"ಮೀಸಿ ಅಲ್ರಿ, ಬಾಯಿ."

"ಬಾಯಿ ಕಿಸದು ತೋರಸಾಕ ನಾ ಏನ್ ಕೋತಿ ಅದೇನೇನು? ಕುಂದರು ಹೋಗು."

ಎಲ್ಲರೂ ನಕ್ಕರು. ಶಬಾನಾ ನಗಲಿಲ್ಲ, ಹೋಗಿ ಕುಳಿತಳು.

ಆ ವಾರವೇ ಜಿಲ್ಲೆಯಿಂದ ಕಾಗದ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲ್ಲೂಕಿನ ಸಂಗೀತ ಶಿಕ್ಷಕರ ಎದುರು ನಾನು ಮಾದರಿ ಪಾಠ ಮಾಡಬೇಕು. ಕುಲಕರ್ಣಿ ಸರ್ ಗೋಡೆಗೆ ಸುಣ್ಣ ಹೊಡೆಸಿದರು. ನಾನು ಹೊಸ ಪದಬಂಧ ಕಟ್ಟಲು ಕುಳಿತೆ, ನಡುವೆ ಏಳು ಚೌಕದ ಒಂದು ಮೆಟ್ಟಿಲು, ಅದರಲ್ಲಿ ಏಳು ಸ್ವರ. ಪಾಠದ ತಾಲೀಮು ಮಾಡಿಸುವಾಗ ಒಂದು ವಿಷಯ ನನ್ನ ಕಣ್ಣು ಚುಚ್ಚತೊಡಗಿತು. ಶಬಾನಾಳ ಬೆರಳು. ನಾನು ಏನಾದರೂ ಕೇಳಿದ ಕೂಡಲೇ ಅದು ಬೆಂಚಿನ ಹಲಗೆಯ ಮೇಲೆ ಟಕ್ ಟಕ್. ಭಾಗ್ಯಶ್ರೀ ಅದರ ಮೇಲೆಯೇ ಏಳುತ್ತಾಳೆ, ಕೂರುತ್ತಾಳೆ. ಸನ್ನೆ ನಡೆದಿದೆ, ಜಾಣೆಯ ಉತ್ತರವನ್ನು ಬಾಯಾಳಿ ಕದಿಯುತ್ತಿದ್ದಾಳೆ ಎಂದುಕೊಂಡೆ. ದೊಡ್ಡವರೆದುರು ಮಾನ ಹೋಗುತ್ತದೆ.

"ಶಬಾನಾ, ಚೀಲ ತಗೊಂಡು ಕಡೀ ಬೆಂಚಿಗಿ ಹೋಗು."

"ಬ್ಯಾಡ್ರಿ ಸರ. ನಾ ಇಲ್ಲೇ ಕುಂದರತೇನಿ."

"ಯಾಕ, ಅಲ್ಲಿ ಉತ್ತರ ಸಿಗಂಗಿಲ್ಲೇನು?"

ಅವಳ ಕಣ್ಣು ತುಂಬಿದವು. "ನಾ ಕಾಪಿ ಹೊಡ್ಯಾಕಿ ಅಲ್ರಿ ಸರ," ಅಂದಳು. ಅಷ್ಟೇ. ಇನ್ನೇನೋ ಹೇಳುವಂತೆ ನಿಂತು, ಹೇಳದೆ, ಚೀಲ ಎತ್ತಿಕೊಂಡು ಹಿಂದಕ್ಕೆ ಹೋದಳು. ಭಾಗ್ಯಶ್ರೀ ತಿರುಗಿ ತಿರುಗಿ ನೋಡಿದಳು. ಮುಂದಿನ ದಿನಗಳಲ್ಲಿ ನಾನು ಹೆಸರು ಕರೆದರೆ ಅವಳು ಏಳುತ್ತಿರಲಿಲ್ಲ. ಮಾದರಿ ಪಾಠಕ್ಕೆ ಆರಿಸಿದ್ದಕ್ಕೆ ಹಮ್ಮು ಬಂದಿದೆ ಅಂದುಕೊಂಡೆ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು, ಚೌಕದ ಮೇಲೆ ಚೌಕ ಸರಿಯಾಗಿ ಕೂರುತ್ತಲೇ ಹೋಯಿತು.

ಎಳ್ಳಮಾಸಿ ಕಳೆದು ಮಾದರಿ ಪಾಠದ ಹಿಂದಿನ ದಿನ ಹೊಸ ಸುತ್ತೋಲೆ ಬಂತು. ಇನ್ನು ಹಾಡಿಸಬಹುದು. ಕುಲಕರ್ಣಿ ಸರ್ ಬೀರುವಿನ ಬೀಗ ತೆಗೆದರು. ಪೇಟಿಯ ತಿದಿಯನ್ನು ಇಲಿ ಒಂದು ಮೂಲೆಯಲ್ಲಿ ಕಡಿದಿತ್ತು, ಅಂಟು ಹಚ್ಚಿದ ಬಟ್ಟೆ ಮೆತ್ತಿ ಸರಿಮಾಡಿಕೊಂಡೆ. ನಾನು ಒಂದು ಸ್ವರದ ಮನೆ ಒತ್ತಿ ದನಿ ಹೊರಡಿಸಿದಾಗ ಮಕ್ಕಳೆಲ್ಲ ಓಡಿಬಂದು ಮುತ್ತಿದರು. ಭಾಗ್ಯಶ್ರೀ ಎಲ್ಲರನ್ನೂ ಸರಿಸಿ ಮುಂದೆ ಬಂದು ಪೇಟಿಯ ಕಟ್ಟಿಗೆಯ ಮೇಲೆ ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ನಮಸ್ಕಾರ ಮಾಡುತ್ತಿದ್ದಾಳೆ ಅಂದುಕೊಂಡೆ.

ಮಾರನೆಯ ದಿನ ಮುಂಜಾನೆ ಮಂಜು. ದೂರದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತಿರಲಿಲ್ಲ. ಇಪ್ಪತ್ತು ಮೂವತ್ತು ಜನ ಶಿಕ್ಷಕರು, ಇಬ್ಬರು ಅಧಿಕಾರಿಗಳು, ಎಲ್ಲರಿಗೂ ಮಾಸ್ಕ್. ಪಾಠ ನಾನು ಕನಸಿನಲ್ಲಿ ಕಂಡ ಹಾಗೆಯೇ ನಡೆಯಿತು. ಭಾಗ್ಯಶ್ರೀ ಬಳಪ ಹಿಡಿದು ಏಳು ಚೌಕದ ಮೆಟ್ಟಿಲನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿದಳು. ಚಪ್ಪಾಳೆ ಬಿತ್ತು. ಆಗ ಸಿಂದಗಿ ಕಡೆಯ ಹಿರಿಯ ಮಾಸ್ತರರೊಬ್ಬರು, ನಮ್ಮೂರ ಕಡೆಯವರೇ, ಎದ್ದು ಹೇಳಿದರು.

"ಚೌಕ ಛಲೋ ತುಂಬಿದ್ಲು. ಈಗಂತೂ ಹಾಡಾಕ ಪರವಾನಿಗಿ ಐತಿ. ಒಂದು ದನಿ ಕೇಳಸ್ರಿ. ಪದ ಕಲ್ತವರು ಹೆಂಗ ಹಾಡತಾರ ನೋಡೂಣು."

ನಾನು ಬೇಡ ಅನ್ನಬಹುದಿತ್ತು. ಆ ವರ್ಷ ಯಾವ ಮಗುವೂ ಹಾಡಿದ್ದನ್ನು ಕೇಳದವನು ನಾನು. ಆದರೆ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. "ಧಾರಾಳವಾಗಿ ಕೇಳ್ರಿ," ಅಂದೆ.

ಪೇಟಿಯ ಮುಂದೆ ಕುಳಿತು, ಸ್ವರ ಕೊಡಲೆಂದು ಮಾಸ್ಕನ್ನು ಗದ್ದದ ಕೆಳಗೆ ಎಳೆದೆ. ಆ ವರ್ಷ ಮೊದಲ ಸಲ. ಆ ಖೋಲಿಯಲ್ಲಿ ತೆರೆದಿದ್ದ ದೊಡ್ಡವರ ಬಾಯಿ ನನ್ನದೊಂದೇ. ಬೆರಳಿನಿಂದ ಕರಿಹಲಗೆಯ ಮೇಲಿನ ಮೆಟ್ಟಿಲು ತೋರಿಸಿ, ಒಮ್ಮೆ ಏರಿ ಹಾಡಿ ಅವಳಿಗೆ ಕೈ ಮಾಡಿದೆ. ಅವಳು ನನ್ನ ಬಾಯಿಯನ್ನು ನೋಡುತ್ತಿದ್ದಳು. ಯಾರೂ ಯಾರ ಬಾಯಿಯನ್ನೂ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಹಸಿದವರು ತಾಟು ನೋಡುವ ಹಾಗೆ. ಆಮೇಲೆ ತನ್ನ ಮಾಸ್ಕ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಹಾಡಿದಳು.

ಸ, ರಿ, ಗ, ಮ, ಪ, ದ, ನಿ, ಸ. ಎಂಟೂ ಒಂದೇ ದನಿಯಲ್ಲಿ. ನೆಲದ ಮೇಲೆ ಬಳಪದಿಂದ ಮೆಟ್ಟಿಲು ಬರೆದು ಅದನ್ನು ಹತ್ತಿದ ಹಾಗೆ. ಏರಿದ್ದು ಅವಳ ಹುಬ್ಬು ಮಾತ್ರ, ನನ್ನ ಹುಬ್ಬಿನ ಹಾಗೆಯೇ, ಒಂದೊಂದು ಸ್ವರಕ್ಕೆ ಇಷ್ಟಿಷ್ಟೇ. ಮೇಲಿನ ಸ ಬಂದಾಗ ಹುಬ್ಬು ಹಣೆಯ ಕುಂಕುಮ ಮುಟ್ಟುವಷ್ಟು ಮೇಲಿತ್ತು.

ಯಾರೋ ಮಾಸ್ಕಿನೊಳಗೆ ಕಿಸಕ್ ಅಂದರು. ಭುಜಗಳು ಕುಲುಕಿದವು. ನಾನು ನಗಲಿಲ್ಲ.

ಹೀಗೆಂದು ನಾನು ಹೆಂಡತಿಗೆ ಹೇಳಿದ್ದೇನೆ. ಎರಡು ಸಲ ಬರೆದೂ ಇದ್ದೇನೆ, ಎರಡು ಸಲವೂ ಹರಿದು ಹಾಕಿದ್ದೇನೆ. ನಾನು ನಕ್ಕೆ. ತಡೆದುಕೊಳ್ಳಲಾಗದ ನಗು, ಹಲ್ಲು ಕಾಣುವ ನಗು. ಜೊತೆಗೆ ಸಿಂದಗಿಯ ಮಾಸ್ತರರ ಕಡೆ ತಿರುಗಿ, "ಈಕಿ ಸಂಗೀತ ಎಲ್ಲಾ ಬಳಪದಾಗ ಐತ್ರಿ," ಎಂದೂ ಅಂದೆ. ಖೋಲಿ ಇನ್ನಷ್ಟು ನಕ್ಕಿತು. ಅವರ ನಗು ಮಾಸ್ಕಿನೊಳಗಿತ್ತು. ಅವಳು ಕಾಣಬಹುದಾಗಿದ್ದ ನಗು ನನ್ನದೊಂದೇ.

ಭಾಗ್ಯಶ್ರೀ ನನ್ನ ಮುಖ ನೋಡಿದಳು. ತಲೆ ತಗ್ಗಿಸಿದಳು. ಜಡೆ ಮುಂದಕ್ಕೆ ಬಿದ್ದು, ಬೈತಲೆ ಅಷ್ಟೇ ಕಾಣುತ್ತಿತ್ತು, ಭುಜ ಅಲುಗುತ್ತಿತ್ತು. ನಾಲ್ಕು ವರ್ಷ ನನ್ನೊಂದಿಗೆ ಬಂದ ದೃಶ್ಯ ಇದು, ಆ ಬೈತಲೆ. ಎಲ್ಲಿ ಪೇಟಿ ಮುಟ್ಟಿದರೂ ಅದು ಬರುತ್ತಿತ್ತು.

ಜನ ಹೋದ ಮೇಲೆ ನೀರಿನ ಟಾಕಿಯ ಹತ್ತಿರ ಶಬಾನಾ ಬಂದಳು. ಅತ್ತು ಕಣ್ಣು ಊದಿದ್ದವು.

"ಸರ, ಆಕಿಗಿ ಕೇಳಸಂಗಿಲ್ರಿ."

"ಯಾರಿಗಿ?"

"ಭಾಗ್ಯಾಗ. ಮೂರನೇತ್ತಾ ಇದ್ದಾಗ ದೊಡ್ಡ ಜ್ವರ ಬಂದಿತ್ತು. ಭಾಳ ಜೋರಾಗಿ ಒದರಿದ್ರ ಸೊಲ್ಪ ತಿಳೀತೈತಿ, ಅಷ್ಟ. ಎಲ್ಲಾರ ಬಾಯಿ ನೋಡಿ ತಿಳ್ಕೊಂತಿದ್ಲು. ಈ ವರ್ಷ ಎಲ್ಲಾರೂ ಬಾಯಿ ಮುಚ್ಚಿಕೊಂಡ್ರಲ್ರಿ. ನಾ ಹಲಗಿ ಬಡದು ಹೇಳ್ತಿದ್ದೆ. ಒಂದಕ್ಕ ಸರ್ ಬಂದ್ರು, ಎರಡಕ್ಕ ನಿನ್ನ ಎಬ್ಬಸ್ಯಾರ, ಮೂರಕ್ಕ ಕುಂದರು. ನೀವು ನನ್ನ ಹಿಂದ ಕಳಿಸಿದ್ರಿ."

"ಮೊದಲ ಯಾಕ ಹೇಳಲಿಲ್ಲ, ಯವ್ವಾ?"

"ಅವರ ಆಯಿ ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಿದ್ಲು. ನಿಮ್ಮ ಪಿರೇಡ್ ಒಂದರಾಗ ನನ್ನ ಬೆರಳು ಭಾಳ ಬೇಕಾಗತಿರಲಿಲ್ರಿ ಸರ. ಎಲ್ಲಾ ಬರದಿರತಿದ್ರಿ. ನಾನೂ ಎಲ್ಲಾರಂಗ ಆಗೇನಿ ಅಂತಿದ್ಲು."

ಮರುದಿನ ಭಾಗ್ಯಶ್ರೀ ಬರಲಿಲ್ಲ. ಎರಡು ದಿನದಲ್ಲಿ ಶಾಲೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ 'ಕೆಪ್ಪಿ' ಎಂದು ಬರೆದರು. ಎರಡು ಚೌಕ ಎಳೆದು, ಅದರೊಳಗೆ ಬರೆದಿದ್ದರು. ನಾನು ಕಲಿಸಿದ ಹಾಗೆ, ಒತ್ತಕ್ಷರಕ್ಕೆ ಒಂದೇ ಚೌಕ.

ವಾರದ ಮೇಲೆ ಅವರ ಮನೆಗೆ ಹೋದೆ. ಊರ ತುದಿಯ ದೊಡ್ಡ ಒಕ್ಕಲುತನದ ಮನೆ. ಅವಳ ಆಯಿ, ಅಂದರೆ ತಂದೆಯ ತಾಯಿ, ಕಟ್ಟೆಯ ಮೇಲೆ ಕುಳಿತು ಕಡಲೆ ಸುಲಿಯುತ್ತಿದ್ದಳು. ಬೈಯುತ್ತಾಳೆ ಎಂದು ಸಜ್ಜಾಗಿ ಹೋಗಿದ್ದೆ. ಅವಳು ಸೆರಗು ಸರಿಮಾಡಿಕೊಂಡು ಒಂದು ಹಿಡಿ ಸುಲಗಾಯಿ ನನ್ನ ಮುಂದೆ ಇಟ್ಟಳು.

"ತಿನ್ರಿ. ಆಕಿ ಇಲ್ಲ. ಮುದ್ದೇಬಿಹಾಳ ಕಡೆ ಸ್ವಾದರಮಾವನ ಊರಿಗಿ ಕಳಿಸೇವಿ."

"ಆಯಿ, ಕಿವಿ ತೋರಸೂಣು. ಮಶೀನ್ ಸಿಗತಾವು. ಸಾಲಿ ಬಿಡಸಬ್ಯಾಡ್ರಿ."

"ಮಶೀನ್ ಕಿವ್ಯಾಗ ಇಟ್ರ ಮಂದಿಗಿ ಕಾಣಂಗಿಲ್ಲೇನ್ರಿ? ನಾಳಿ ಆಕಿ ಒಂದು ಮನಿ ಸೇರೂದು ಬ್ಯಾಡೇನು? ಆರು ವರ್ಷ ಸೆರಗಿನ್ಯಾಗ ಮುಚ್ಚಿಟ್ಟಿದ್ದೆ ಮಾಸ್ತರ. ನೀವು ಗಂಟಿ ಹೊಡದಂಗ ಸಾರಿಬಿಟ್ರಿ."

"ತಪ್ಪಾತು," ಅಂದೆ. ಎಷ್ಟು ಸಣ್ಣ ಪದ ಅದು.

ಅವಳು ಸುಲಿಯುತ್ತಲೇ ಇದ್ದಳು. ಸಿಪ್ಪೆ ಬದಿಗೆ ಸರಿಸಿ ಅಂದಳು: "ನಿಮ್ಮ ಮ್ಯಾಲ ಭಾಳ ಜೀಂವ ಇತ್ತು ಆಕಿಗಿ. ಈ ಪಡಸಾಲಿ ತುಂಬ ಚೌಕ ಬರೀತಿದ್ಲು. ಆಯಿ, ಹಾಡಿನ ಪಾಠದಾಗ ನಾನ ಫಸ್ಟ್ ಅಂತಿದ್ಲು. ನಾ ನಗತಿದ್ದೆ. ಕಿವಿ ಇಲ್ಲದಾಕಿಗಿ ಹಾಡಿನ್ಯಾಗ ಫಸ್ಟ್ ಕೊಟ್ಟ ಮಾಸ್ತರ ಯಾವನ ಇವ ಅಂತ."

ಪಡಸಾಲೆಯ ನೆಲವನ್ನು ಆಗಷ್ಟೇ ಸಾರಿಸಿದ್ದರು. ಚೌಕ ಒಂದೂ ಇರಲಿಲ್ಲ.

ನನ್ನ ಪಾಠಕ್ಕೆ ಒಳ್ಳೆಯ ವರದಿ ಬಂತು. ಆ ವಿಧಾನವನ್ನು ತರಬೇತಿಯ ಹೊತ್ತಿಗೆಯಲ್ಲಿ ಸೇರಿಸಿದರು. ಜೋಳ ಕೊಯ್ದರು, ಕಣ ಮಾಡಿದರು, ಪರೀಕ್ಷೆ ಮುಗಿಯಿತು. ನಾನು ವರ್ಗ ಕೇಳಿ ಇಂಡಿಗೆ ಬಂದೆ. ಇಲ್ಲಿ ಮಕ್ಕಳಿಗೆ ಹಾಡಿಸುತ್ತೇನೆ. ಚೌಕ ಎಳೆಯುವುದಿಲ್ಲ. ಮೊದಲ ದಿನ ಎಲ್ಲ ಮಕ್ಕಳ ಬೆನ್ನ ಹಿಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡುತ್ತೇನೆ, ಯಾರು ತಿರುಗುತ್ತಾರೆ, ಯಾರು ತಿರುಗುವುದಿಲ್ಲ ಎಂದು.

ಇಷ್ಟು ನಾನು ಇಟ್ಟುಕೊಂಡಿದ್ದದ್ದು. ದವಾಖಾನೆಯ ಎದುರಿನ ಚಹಾ ಅಂಗಡಿಯಲ್ಲಿ, ಬಿಳಿ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ ಶಬಾನಾಳಿಗೆ ಕೇಳಿದೆ, ಭಾಗ್ಯಾ ಹೇಗಿದ್ದಾಳೆ ಎಂದು.

"ಆರಾಮ ಅದಾಳ್ರಿ. ಮಾವನ ಊರಾಗ ಇರತಾಳ. ಹೊಲಿಗಿ ಮಾಡತಾಳ. ಮಶೀನ್ ನಡಗೂದು ಪಾದಕ್ಕ ತಿಳೀತೈತಿ, ದಾರ ಹರದ್ರ ಕಣ್ಣು ಮುಚ್ಚಿ ಹೇಳತೇನಿ ಅಂತಾಳ."

"ಅವತ್ತ ಆಕಿ ತಲಿ ತಗ್ಗಿಸಿ ಅತ್ತಿದ್ದು ನನ್ನ ಕಣ್ಣಾಗ ಇನ್ನೂ ಐತಿ, ಶಬಾನಾ."

ಅವಳು ಚಹಾದ ಕಪ್ಪು ಕೆಳಗಿಟ್ಟಳು. "ಯಾವಾಗ್ರಿ?"

"ನಾ ನಕ್ಕಾಗ."

"ಇಲ್ಲಲ್ರಿ ಸರ. ತಲಿ ತಗ್ಗಿಸಿ ಅತ್ತಾಕಿ ನಾನು. ಕಡೀ ಬೆಂಚಿನ್ಯಾಗ. ಆಕಿ ನಿಮ್ಮನ್ನ ನೋಡಿ ನಕ್ಕಳು. ಆಮ್ಯಾಲ ನೀವು ಹೇಳದಿದ್ರೂ ಇಳಿಸಿ ಹಾಡಿದ್ಲಲ್ರಿ, ಅವರೋಹ. ಹುಬ್ಬು ಇಳಿಸ್ಕೋತ. ನಿಮಗ ನೆನಪಿಲ್ಲೇನು?"

ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಅವಳು ಹೇಳಿದ ಮೇಲೆ ಕಂಡಂತೆ ಆಗುತ್ತದೆ, ಆದರೆ ಅದನ್ನು ನಂಬುವುದು ಹೇಗೆ? ಒಬ್ಬಳ ಬೈತಲೆಯನ್ನು ಕಿತ್ತು ಇನ್ನೊಬ್ಬಳಿಗೆ ಇಟ್ಟವನು ನಾನು. ನನ್ನ ಪಶ್ಚಾತ್ತಾಪಕ್ಕೆ ಅತ್ತ ಭಾಗ್ಯಶ್ರೀ ಬೇಕಾಗಿದ್ದಳು, ಅವಳನ್ನು ಮಾಡಿಕೊಂಡೆ.

"ಮನಿಗಿ ಹೋಗಬೇಕಾದ್ರ ನನಗ ಕೇಳಿದ್ಲು," ಶಬಾನಾ ಮುಂದುವರಿಸಿದಳು. "ಸರ್ ಖುಷಿ ಆದ್ರಲ್ಲ, ನಾ ಛಲೋ ಹಾಡಿದೆ ಹೌದಲ್ಲ, ಅಂತ. ನಾ ಹೂಂ ಅಂದೆ. ಮತ್ತೇನ್ ಹೇಳ್ಲಿ ಸರ?"

"ಸಾಲಿ ಯಾಕ ಬಿಡಿಸಿದ್ರು ಅಂತ ಆಕಿ ತಿಳ್ಕೊಂಡಾಳ?"

"ರೋಗ ಮತ್ತ ಬಂತು, ಸಾಲಿ ಬಂದ್ ಆತು ಅಂತ ಹೇಳಿ ಮಾವನ ಊರಿಗಿ ಕಳಿಸಿದ್ರು. ಸಾಲಿ ಬಂದ್ ಆಗಿಲ್ಲ ಅಂತ ತಿಳಿಯೂದ್ರಾಗ ವರ್ಷ ಹೋಗಿತ್ತು. ಈಗೂ ನಾ ಹೋದ್ರ ಅದನ್ನ ತಗೀತಾಳ. ನಾಲ್ಕು ತಾಲ್ಲೂಕಿನ ಮಂದಿ ಮುಂದ ಹಾಡೇನಿ, ಸರ್ ನಕ್ಕಿದ್ರು ಅಂತ. ಮಾವನ ಮಕ್ಕಳಿಗಿ ನಿಮ್ಮಂಗ ಹುಬ್ಬು ಏರಿಸಿ ತೋರಸ್ತಾಳ."

ಅಂಗಡಿಯವನು ಖಾಲಿ ಕಪ್ಪು ತೆಗೆದುಕೊಂಡು ಹೋದ. ನಾನು ಕೈ ನೋಡಿಕೊಂಡು ಕುಳಿತಿದ್ದೆ, ಇನ್ನೂ ವಾಸನೆ ಇತ್ತು.

"ಹೋಗಿ ಭೇಟಿ ಆಗತೇನಿ," ಅಂದೆ. "ಅವತ್ತ ನಾ ಯಾಕ ನಕ್ಕೆ ಅಂತ ಖರೇ ಹೇಳಿ ತಪ್ಪಾತು ಅಂತೇನಿ."

ಶಬಾನಾ ಎದ್ದು ಕೋಟು ಹಾಕಿಕೊಂಡಳು. ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿದಳು. ಮತ್ತೆ ಆ ಎರಡನೆಯ ಬೆಂಚಿನ ಕಣ್ಣುಗಳು.

"ಅದನ್ನ ಹೇಳಾಕ ಹೋಗೂದಿದ್ರ ಹೋಗಬ್ಯಾಡ್ರಿ ಸರ. ಆಕಿ ನಿಮ್ಮ ಮುಖ ನೋಡಿದ್ದು ಒಂದ ಸಲ. ಹೋದ್ರ ನಕ್ಕೋತ ಹೋಗ್ರಿ. ಇಲ್ಲಾಂದ್ರ ಗುರ್ತು ಹಿಡಿಯಂಗಿಲ್ಲ."

ಇವತ್ತು ಭಾನುವಾರ. ಮುದ್ದೇಬಿಹಾಳಕ್ಕೆ ಹೋಗಬೇಕೆಂದು ಮುಂಜಾನೆಯೇ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ, ಒಮ್ಮೆ ನಕ್ಕು ನೋಡಲೆಂದು. ಹುಬ್ಬು ಏರುತ್ತದೆ. ಬಾಯಿ ಬರುತ್ತಿಲ್ಲ.